ಹಸಿಕಡ್ಡಿಯ ಬಟ್ಟೆ

ಹುಡುಗಿ ತೆಳುವಾದ ಬಿಳಿ ಬಟ್ಟೆಯ ತುಂಡೊಂದನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಉಜ್ಜುತ್ತಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಉಜ್ಜಿ, ಹಿಂಡಿ, ನೀರು ಚೆಲ್ಲಿ, ಮತ್ತೆ ಬಿಸಿನೀರು ಹೊಯ್ದು ಮತ್ತೆ ಉಜ್ಜಿದಳು. ಮೊದಲ ನೀರು ಬೆಳ್ಳಗೆ ಮಂದವಾಗಿ ಬಂತು. ಎರಡನೆಯದು ಮಬ್ಬಾಗಿತ್ತು. ಮೂರನೆಯದು ತಿಳಿಯಾಯಿತು. ಹೊಸ ಬಟ್ಟೆಗೆ ಗಿರಣಿಯಲ್ಲಿ ಹಾಕಿದ ಗಂಜಿ ಅಷ್ಟೂ ಹೋದ ಮೇಲೆಯೇ ಅದು ನೀರು ಕುಡಿಯುವುದು.

ಹಿಂಡುತ್ತಿದ್ದ ಕೈ ತಟ್ಟನೆ ನಿಂತಿತು.

ಹದಿನೈದು ದಿನದ ಹಿಂದೆ ಬೆಟ್ಟಕ್ಕೆ ಸಾಮಾನು ಹೊರಟಾಗ ಇಂಥವೇ ಒಂದು ಡಜನ್ ಬಟ್ಟೆ ಹೊಲಿದು, ಕಾಗದದಲ್ಲಿ ಸುತ್ತಿ ಕೊಟ್ಟವಳು ಅವಳೇ. ಹೊರೆಯವರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. ಹೊಲಿದದ್ದು ನೆನಪಿದೆ. ಸುತ್ತಿದ್ದು ನೆನಪಿದೆ. ತೊಳೆದದ್ದು?

ತೊಳೆದಿರಲಿಲ್ಲ.

ಅದು ಊರಿನ ಹವಾಮಾನ ಕಚೇರಿ. ಎರಡು ಕೋಣೆ, ತಗಡಿನ ಮಾಡು, ಅಂಗಳದಲ್ಲಿ ಜಾಲರಿ ಕಿಟಕಿಯ ಒಂದು ಬಿಳಿ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಎರಡು ಉಷ್ಣಮಾಪಕಗಳು ಅಕ್ಕತಂಗಿಯರ ಹಾಗೆ ಜೋಡಿ ನಿಂತಿರುತ್ತಿದ್ದವು. ಒಂದು ಬರಿಯದು, ಅದಕ್ಕೆ ಒಣಕಡ್ಡಿ ಎನ್ನುತ್ತಿದ್ದರು. ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆಯ ಚೀಲ, ಚೀಲದ ಬಾಲ ಕೆಳಗಿನ ನೀರಿನ ಬಾಟಲಿಯಲ್ಲಿ; ಅದು ಹಸಿಕಡ್ಡಿ. ಗಾಳಿ ಒಣಗಿದ್ದರೆ ಒದ್ದೆ ಬಟ್ಟೆ ಬೇಗ ಆರಿ ತಣ್ಣಗಾಗುತ್ತದೆ, ಹಸಿಕಡ್ಡಿ ಕೆಳಗಿಳಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಎರಡೂ ಒಂದೇ ಅಂಕಿಯಲ್ಲಿ ನಿಲ್ಲುತ್ತವೆ. ಬಟ್ಟೆ ನೀರನ್ನೇ ಕುಡಿಯದೆ ಒಣಗಿಯೇ ಕೂತರೂ ಎರಡೂ ಒಂದೇ ಅಂಕಿಯಲ್ಲಿ ನಿಲ್ಲುತ್ತವೆ.

ಈ ಬಟ್ಟೆ ಹೊಲಿಯುವುದು, ಮಳೆ ಅಳೆಯುವ ಗಾಜು ತೊಳೆಯುವುದು, ಕಸ ಗುಡಿಸುವುದು ಅವಳ ಕೆಲಸ. ಆ ಬಟ್ಟೆ ದೀಪದ ಬತ್ತಿಯ ಹಾಗೆ ಕಾಣುವುದರಿಂದ ಎಲ್ಲರ ಬಾಯಲ್ಲೂ ಅವಳು ಬತ್ತಿ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಗೋಡೆಯ ಮೇಲಿನ ಮೋಡಗಳ ಪಟವನ್ನು ಗುಡಿಸುತ್ತ ಗುಡಿಸುತ್ತಲೇ ಬಾಯಿಪಾಠ ಮಾಡಿಕೊಂಡಿದ್ದಳು. ಕೇಳಿದವರಿಲ್ಲ, ಅವಳಾಗಿ ಹೇಳಿದವಳೂ ಅಲ್ಲ.

ಪಕ್ಕದ ಕೋಣೆಯಿಂದ ಸಾಹೇಬರ ದನಿ ಕೇಳಿಸಿತು.

"ಹನ್ನೊಂದು ದಿನದಿಂದ ಬೆಟ್ಟದ ಮೇಲೆ ತೇವ ನೂರಕ್ಕೆ ನೂರು. ಅದರ ಪಕ್ಕದಲ್ಲೇ ಅಲ್ಲಿನ ವೀಕ್ಷಣಾಲಯದ ಆಯಮ್ಮ ರೇಡಿಯೋದಲ್ಲಿ ಬರೆಸೋದು ಏನು? 'ಆಕಾಶ ಶುಭ್ರ' ಅಂತ! ಮಂಜಿನೊಳಗೆ ಕೂತವಳಿಗೆ ಆಕಾಶ ಹೇಗ್ರೀ ಕಾಣುತ್ತೆ? ಹಾಸಿಗೆ ಬಿಟ್ಟು ಏಳದೇ ಮೋಡ ಬರೆಸ್ತಿದಾಳೆ."

"ಕಡ್ಡಿ ಕೆಟ್ಟಿರಬಹುದು ಸಾರ್," ಎಂದ ಉಪಕರಣ ರಿಪೇರಿಯವ. ಕಿವಿಯ ಹಿಂದೆ ಸದಾ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದ ಅವನನ್ನು ಸ್ಕ್ರೂ ಮಾಮ ಎನ್ನುತ್ತಿದ್ದರು. "ಮೂರು ಸಲ ಹೊಸದು ಕೇಳಿದಾರೆ."

"ತಗೊಂಡು ಹೋಗಿ. ಕಡ್ಡಿ ಕೆಟ್ಟಿದ್ರೆ ಹೊಸದು ಹಾಕಿ ಬನ್ನಿ. ಸರಿಯಿದ್ರೆ ಈ ವಜಾ ಆದೇಶದ ಕವರು ಆಯಮ್ಮನ ಕೈಗೆ ಕೊಟ್ಟು, ಬಾಗಿಲಿಗೆ ಬೀಗ ಜಡಿದು, ಕೆಳಗೆ ಕರ್ಕೊಂಡು ಬನ್ನಿ. ಹನ್ನೊಂದು ದಿನ ಮಂಜು ಮಂಜು ಅಂತ ಬೋರ್ಡ್ ಬರೆದು ನಾನು ಊರಿಗೆಲ್ಲ ನಗೆಪಾಟಲಾದೆ. ಅಂಕಿ ಸುಳ್ಳು ಹೇಳಲ್ಲ, ಜನ ಹೇಳ್ತಾರೆ."

ನಗೆಪಾಟಲಾದದ್ದು ನಿಜವೇ. ಬೆಟ್ಟದ ಮೇಲಿನ ತೇವ ಮರುದಿನ ಬೆಳಿಗ್ಗೆ ಮಂಜಾಗಿ ಊರಿಗೆ ಇಳಿಯುತ್ತದೆಂಬುದು ಸಾಹೇಬರ ಲೆಕ್ಕ. ಮಾರುಕಟ್ಟೆಯ ಕಪ್ಪು ಹಲಗೆಯ ಮೇಲೆ ದಿನವೂ 'ಮಂಜು' ಎಂದು ಬೀಳುತ್ತಿತ್ತು. ದಿನವೂ ಬಿಸಿಲು ಸುರಿಯುತ್ತಿತ್ತು. ಕ್ಷೌರದಂಗಡಿಯವನಂತೂ ಬಂದವರಿಗೆಲ್ಲ, "ಇವತ್ತು ದಟ್ಟ ಮಂಜು, ನನ್ನ ಕತ್ತರಿಗೆ ನಿಮ್ಮ ಕಿವಿ ಕಾಣದಿದ್ರೆ ಬೇಜಾರು ಮಾಡ್ಕೋಬೇಡಿ," ಎಂದು ಹೇಳಿ ನಗಿಸುತ್ತಿದ್ದ.

ಬತ್ತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ತಪ್ಪು ಒಪ್ಪಿಕೊಂಡರೆ ಕೆಲಸ ಹೋಗುತ್ತದೆ. ಮೋಡದ ಪಟ ನೇತುಹಾಕಿದ ಇಂಥ ಕೋಣೆ ಅವಳಂಥವಳಿಗೆ ಇನ್ನೆಲ್ಲಿ ಸಿಗಬೇಕು? ತಾನೇ ಹೋಗಿ, ತೊಳೆದ ಬಟ್ಟೆ ಕಟ್ಟಿ, ಸುಮ್ಮನೆ ಬಂದುಬಿಟ್ಟರೆ? ಅಂಕಿ ಸರಿಹೋಗುತ್ತದೆ. ಎಲ್ಲವೂ ಸರಿಹೋಗುತ್ತದೆ.

"ನಾನೂ ಹೋಗ್ತೀನಿ ಸಾರ್," ಎಂದಳು.

ಸಾಹೇಬರು ತಲೆಯೆತ್ತಿದರು. ಮೂಲೆಯಲ್ಲಿ ಹಗ್ಗ ಸುತ್ತುತ್ತಿದ್ದ ಅವಳ ಚಿಕ್ಕಪ್ಪನೂ ತಲೆಯೆತ್ತಿದ. ಅವನು ಬೆಟ್ಟಕ್ಕೆ ಹೊರೆ ಹೊತ್ತು ದಾರಿ ತೋರಿಸುವವನು. "ಗೋಡೆ ಮಾತಾಡ್ತು ಅಂದ್ಕೊಂಡೆ," ಎಂದ.

"ಗಾಜಿನ ಸಾಮಾನು ಹೊರೋಕೆ ನಿಧಾನದ ಕೈ ಬೇಕು. ಬರಲಿ ಬಿಡಿ," ಎಂದ ಸ್ಕ್ರೂ ಮಾಮ.

ಹೊಸ ಉಷ್ಣಮಾಪಕವನ್ನು ಹತ್ತಿಯಲ್ಲಿ ಸುತ್ತಿ ಅವಳ ಬೆನ್ನಿಗೆ ಕಟ್ಟಿದರು. ಅವಳು ತೊಳೆದ ಬಟ್ಟೆಗಳನ್ನು ಒಳಜೇಬಿನಲ್ಲಿ ಮಡಚಿಟ್ಟುಕೊಂಡಳು. ಒಂಬತ್ತು ಗಂಟೆಗೆ ಮೂವರೂ ಹೊರಟರು.

ಊರಂಚಿನ ಇಟ್ಟಿಗೆ ಬಯಲು ದಾಟಿದರೆ ಏರು ಶುರು. ಬಯಲಿನ ತುಂಬ ಹಸಿ ಇಟ್ಟಿಗೆಗಳನ್ನು ಸಾಲುಸಾಲಾಗಿ ಒಣಗಲು ಹಾಕಿದ್ದರು. ಇಟ್ಟಿಗೆಯ ಒಡತಿ ಸೊಂಟಕ್ಕೆ ಕೈಕೊಟ್ಟು ನಿಂತು, "ಏನ್ರೋ, ಮಂಜು ಹಿಡಿಯೋಕೆ ಹೊರಟ್ರಾ? ಒಂದು ಬುಟ್ಟಿ ನನಗೂ ತನ್ನಿ!" ಎಂದು ಕೂಗಿದಳು.

"ಬೆಳಗಾದ್ರೆ ಇದೇ ಆಯ್ತು," ಎಂದು ಸ್ಕ್ರೂ ಮಾಮ ಗೊಣಗಿದ. ಮಂಜಿನಲ್ಲಿ ದಾರಿ ತಪ್ಪಬಾರದೆಂದು ಅವನ ಹೊರೆಯಲ್ಲಿ ಗಂಟೆಯೊಂದಿತ್ತು. ಹೆಜ್ಜೆ ಹೆಜ್ಜೆಗೂ ಅದು ಠಣ್ ಎನ್ನುತ್ತಿತ್ತು. ಸುತ್ತ ಹತ್ತು ಮೈಲಿಯವರೆಗೂ ನೋಟ ನಿಚ್ಚಳ.

ಮೊದಲ ದಿನ ಮರಗಳ ನಡುವೆಯೇ ಕಳೆಯಿತು. ಮಧ್ಯಾಹ್ನಕ್ಕೆ ನೀಲಿಯ ಮೇಲೆ ಹತ್ತಿಯುಂಡೆಗಳಂಥ ರಾಶಿಮೋಡಗಳು ಅಲ್ಲೊಂದು ಇಲ್ಲೊಂದು ಎದ್ದವು. ತಳ ಸಪಾಟು, ತಲೆ ಗುಂಡಗೆ. ಎತ್ತರಕ್ಕೆ ಬೆಳೆಯದೆ ಸಂಜೆಗೆ ಕರಗಿಹೋದವು. ಬತ್ತಿ ನಡೆಯುತ್ತಲೇ ಚಿಕ್ಕ ನೋಟುಬುಕ್ಕಿನಲ್ಲಿ ಗಂಟೆ ಮತ್ತು ಮೋಡ ಬರೆದುಕೊಂಡಳು. ಗಾಳಿಗೆ ಒಣಗಿದ ಎಲೆಯ ವಾಸನೆ. ಕಾಲಡಿಯ ಪಾಚಿ ಕೂಡ ಸೊರಗಿ ಪುಡಿಯಾಗುತ್ತಿತ್ತು. ಹನ್ನೊಂದು ದಿನ ಇಲ್ಲಿ ಮಂಜು ಸುಳಿದಿಲ್ಲವೆಂದು ಪಾಚಿಯೇ ಹೇಳುತ್ತಿತ್ತು. ಅವಳು ಅದನ್ನು ಕಂಡಳು, ಬಾಯಿಬಿಡಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಕಮರಿ ಎದುರಾಯಿತು. ಈ ಗೋಡೆಯಿಂದ ಆ ಗೋಡೆಗೆ ಅರವತ್ತು ಹೆಜ್ಜೆಯ ಅಗಲ. ಕೆಳಗೆ ನೋಡಿದರೆ ಹೊಳೆಯೊಂದು ಬಿಳಿ ದಾರದಂತೆ. ದಾಟಲು ಒಂದು ಉಕ್ಕಿನ ತಂತಿ, ತಂತಿಗೆ ನೇತುಬಿದ್ದ ಕಬ್ಬಿಣದ ತೊಟ್ಟಿಲು. ಒಬ್ಬರು ಕೂರಬೇಕು, ಆಚೆ ದಡದವರು ಹಗ್ಗ ಎಳೆಯಬೇಕು.

ಚಿಕ್ಕಪ್ಪ ತಾನೇ ಎಳೆದುಕೊಂಡು ಮೊದಲು ದಾಟಿದ. ಆಮೇಲೆ ಬತ್ತಿ. ನಡುವೆ ಬಂದಾಗ ತೊಟ್ಟಿಲು ಗಕ್ಕನೆ ನಿಂತಿತು.

ಹಗ್ಗ ಬಿಗಿಯಿತು. ತೊಟ್ಟಿಲು ಅಲುಗಲಿಲ್ಲ.

"ರಾಟೆ ಕಚ್ಕೊಂಡಿದೆ!" ಸ್ಕ್ರೂ ಮಾಮ ಕೂಗಿದ. "ಸೀಟಿನ ಕೆಳಗೆ ಎಣ್ಣೆ ಡಬ್ಬಿ ಇದೆ. ಕೆಳಗೆ ಮಾತ್ರ ನೋಡಬೇಡ!"

ಅವಳು ಮೇಲೆ ನೋಡಿದಳು. ಒಂದು ಕೈಯಲ್ಲಿ ತಂತಿ ಹಿಡಿದು ಎದ್ದುನಿಂತು ರಾಟೆಗೆ ಎಣ್ಣೆ ಹನಿಸಿದಳು. ಆಗಲೇ ಅವಳ ಕಣ್ಣಿಗೆ ಬಿದ್ದದ್ದು: ತಲೆಯ ಮೇಲೆ, ಬಹಳ ಎತ್ತರದಲ್ಲಿ, ಬಾಚಣಿಗೆಯಲ್ಲಿ ಬಾಚಿದ ಬಿಳಿಗೂದಲಿನ ಹಾಗೆ ತೆಳುಗೆರೆಗಳು. ಹಿಮಕಣ ಮೋಡ. ಗೆರೆಗಳ ತುದಿಗಳೆಲ್ಲ ಪಡುವಣದ ಕಡೆಗೆ ಕೊಕ್ಕೆಯಾಗಿ ಬಾಗಿದ್ದವು. ರಾಟೆ ಕಿರ್ ಎಂದಿತು. ತೊಟ್ಟಿಲು ಸರಿಯಿತು. ದಡಕ್ಕೆ ಇಳಿದವಳೇ ಮೊದಲು ನೋಟುಬುಕ್ಕು ತೆಗೆದಳು.

"ಪ್ರಾಣ ಉಳಿದದ್ದಕ್ಕೆ ಅಳ್ತಾರೆ, ಇವಳು ಲೆಕ್ಕ ಬರೀತಾಳೆ," ಎಂದ ಚಿಕ್ಕಪ್ಪ. ಹಾಗೆ ಹೇಳಿದರೂ ಅವನ ಕೈ ಅವಳ ತಲೆಯ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತ್ತು.

ಮೂರು ಗಂಟೆಗೆ ಮೋಡದ ಮನೆ ಕಂಡಿತು. ಊರವರು ಅದನ್ನು ಹಾಗೇ ಕರೆಯುವುದು. ಬೋಳು ಬಂಡೆಯ ಹೆಗಲ ಮೇಲೆ ಕಲ್ಲಿನ ಒಂದೇ ಕೋಣೆ, ಗಾಳಿ ಅಳೆಯುವ ಕಂಬ, ಬಿಳಿ ಪೆಟ್ಟಿಗೆ. ಅಲ್ಲಿಂದ ಸುತ್ತಲ ಬೆಟ್ಟಗಳೆಲ್ಲ ಸಾಲುಸಾಲಾಗಿ, ಮುಂದಿನದು ಹಸಿರು, ಅದರಾಚೆಯದು ನೀಲಿ, ಕೊನೆಯದು ಇದೆಯೋ ಇಲ್ಲವೋ ಎಂಬಂತೆ ಬೂದು. ಬಾಗಿಲಲ್ಲಿ ನಿಂತಿದ್ದ ಬೆಟ್ಟದಕ್ಕ ಐವತ್ತು ದಾಟಿದ ಗಟ್ಟಿ ಹೆಂಗಸು. ಹದಿನೆಂಟು ವರ್ಷದಿಂದ ಅಲ್ಲಿನ ಆಕಾಶ ಬರೆಸುತ್ತಿದ್ದವಳು.

"ಬನ್ನಿ ಬನ್ನಿ! ಗಂಟೆ ಸದ್ದು ಕೇಳಿ ದನ ಬಂತು ಅಂದ್ಕೊಂಡೆ," ಎಂದಳು. "ಈ ಕೂಸು ಯಾರು?"

"ನನ್ನ ಅಣ್ಣನ ಮಗಳು. ನಿನಗೆ ಬಟ್ಟೆ ಹೊಲಿದು ಕಳಿಸೋಳು."

"ಓ, ಬತ್ತಿ! ಒಳ್ಳೇ ಹೊಲಿಗೆ ಕಣೇ ನಿಂದು."

ಬತ್ತಿಯ ಮುಖಕ್ಕೆ ರಕ್ತ ನುಗ್ಗಿತು.

ಚಹಾ ಕುಡಿಯುತ್ತ ಬೆಟ್ಟದಕ್ಕ ತನ್ನ ಗೋಳು ಹೇಳಿಕೊಂಡಳು. "ಎರಡು ಕಡ್ಡೀನೂ ಜಗಳ ಮುಗಿಸಿದ ಗಂಡಹೆಂಡ್ತಿ ಹಾಗೆ ಅಂಟ್ಕೊಂಡು ನಿಂತಿವೆ. ಹೊಸ ಬಟ್ಟೆ ಕಟ್ಟಿದೆ, ಬಾಟಲಿಗೆ ನೀರು ತುಂಬಿದೆ, ಬಟ್ಟೆ ಬಾಲ ನೀರಲ್ಲೇ ಇದೆ. ಕಟ್ಟಿದ ಮೇಲೆ ಬಟ್ಟೆ ಬೆರಳಲ್ಲಿ ಮುಟ್ಟಬಾರದು, ಜಿಡ್ಡಾಗುತ್ತೆ ಅಂತ ನಿಯಮ. ಮುಟ್ಟಿಲ್ಲ. ಕಂಡ ಅಂಕಿ ಓದಿದೆ, ಕಂಡ ಆಕಾಶ ಓದಿದೆ. ಎರಡಕ್ಕೂ ಹೊಂದಿಕೆ ಇಲ್ಲ ಅಂತ ನಾನೇ ಹೇಳಿದೆ. ಕೇಳೋರು ಯಾರು?"

"ನಾಳೆ ಬೆಳಿಗ್ಗೆ ಏಳರ ವೀಕ್ಷಣೇಲಿ ನೋಡೋಣ," ಎಂದ ಸ್ಕ್ರೂ ಮಾಮ. ಕವರು ಇದ್ದ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡೇ ಕೂತಿದ್ದ.

ಅಷ್ಟರಲ್ಲಿ ಹೊರಗಿನ ಬೆಳಕು ಹಾಲು ಬೆರೆಸಿದ ನೀರಿನಂತಾಯಿತು. ಬೆಟ್ಟದಕ್ಕನೂ ಬತ್ತಿಯೂ ಒಟ್ಟಿಗೇ ಎದ್ದು ಬಾಗಿಲಿಗೆ ಬಂದರು. ಸೂರ್ಯನ ಸುತ್ತ ದೊಡ್ಡದೊಂದು ಉಂಗುರ.

"ಹೇಳು ನೋಡೋಣ," ಎಂದಳು ಬೆಟ್ಟದಕ್ಕ.

"ಬೆಳಿಗ್ಗೆ ಗೆರೆ ಇತ್ತು. ಈಗ ತೆಳು ಪರದೆ ಆಗಿದೆ. ನಾಳೆ ಪರದೆ ದಪ್ಪ ಆಗುತ್ತೆ, ಕೆಳಗೆ ಇಳಿಯುತ್ತೆ... ಮಳೆ ಬರುತ್ತೆ ಅಕ್ಕಾ."

"ಎಷ್ಟು ಹೊತ್ತಿಗೆ?"

"ಊರಿಗೆ... ಸಂಜೆ ಐದರೊಳಗೆ."

"ನಾನೂ ಐದೇ ಅಂದ್ಕೊಂಡೆ." ಬೆಟ್ಟದಕ್ಕ ಅವಳನ್ನು ಹೊಸದಾಗಿ ನೋಡುವಂತೆ ನೋಡಿದಳು. ಸಂಜೆಯ ವರದಿಯಲ್ಲಿ ರೇಡಿಯೋದ ಮುಂದೆ ಕೂತು ಹಾಗೆಯೇ ಬರೆಸಿದಳು. ಆಚೆ ಕಡೆಯಿಂದ ಸಾಹೇಬರ ದನಿ ಒಣಗಿ ಬಂತು: "ಆಯ್ತು. ಇಲ್ಲಿ ಬೋರ್ಡ್ ನಾನು ನೋಡ್ಕೋತೀನಿ."

ಬೆಳಗಿನ ಜಾವ, ಉಳಿದವರು ಏಳುವ ಮುಂಚೆ, ಬತ್ತಿ ಸದ್ದಿಲ್ಲದೆ ಹೊರಗೆ ಬಂದಳು. ಪೆಟ್ಟಿಗೆ ತೆರೆದು ಹಳೆಯ ಬಟ್ಟೆ ಮುಟ್ಟಿದಳು. ಬಾಲ ಒದ್ದೆ, ಅದರ ಮೇಲೆ ಕಾಗದದಂತೆ ಗರಿಗರಿ. ಅದನ್ನು ಬಿಚ್ಚಿ ತೊಳೆದ ಬಟ್ಟೆ ಕಟ್ಟಿದಳು. ನೀರು ಬಾಲದಗುಂಟ ಮೆಲ್ಲಗೆ ಏರಿ ಬಟ್ಟೆಯನ್ನೆಲ್ಲ ತುಂಬಿಕೊಂಡಿತು. ಅವಳ ಎದೆಯ ಭಾರ ಇಳಿಯಿತು. ಇಷ್ಟೇ ತಾನೇ.

ಏಳು ಗಂಟೆಗೆ ನಾಲ್ವರೂ ಪೆಟ್ಟಿಗೆಯ ಮುಂದೆ ನಿಂತರು.

"ಒಣಕಡ್ಡಿ ಹತ್ತು. ಹಸಿಕಡ್ಡಿ..." ಬೆಟ್ಟದಕ್ಕ ತಡವರಿಸಿದಳು. "ಏಳೂವರೆ. ಅಯ್ಯೋ! ನಿನ್ನೆ ತನಕ ಅಂಟ್ಕೊಂಡಿದ್ವಲ್ಲ!"

ಸ್ಕ್ರೂ ಮಾಮ ಹೊಸ ಉಷ್ಣಮಾಪಕದ ಬುಡವನ್ನೂ ಹಸಿಕಡ್ಡಿಯ ಬುಡವನ್ನೂ ಒಂದೇ ಲೋಟ ನೀರಿನಲ್ಲಿ ಅದ್ದಿ ತಾಳೆ ನೋಡಿದ. ಎರಡೂ ಒಂದೇ ಅಂಕಿ. ಅವನ ಮುಖ ಸಪ್ಪಗಾಯಿತು. "ಕಡ್ಡಿ ಸರಿಯಿದೆ. ಬಟ್ಟೆ ಒದ್ದೆಯಿದೆ. ನಾನು ಬಂದ ಮರುದಿನವೇ ಎಲ್ಲ ಸರಿಹೋಯ್ತು ಅಂತ ಕೆಳಗೆ ಹೋಗಿ ಹೇಗೆ ಹೇಳ್ಲಿ ಅಕ್ಕಾ? ತಪಾಸಣೆಗೆ ಜನ ಬಂದ ಮೇಲೆ ಎದ್ದು ಅಂಕಿ ನೋಡಿದ್ಲು ಅಂತಾರೆ."

ಬೆಟ್ಟದಕ್ಕ ಪೆಟ್ಟಿಗೆಯೊಳಗೆ ಬಗ್ಗಿದಳು. ಬಟ್ಟೆಗೆ ಕಟ್ಟಿದ ದಾರವನ್ನೇ ನೋಡಿದಳು. ಅವಳು ಯಾವಾಗಲೂ ಎರಡು ಕುಣಿಕೆ ಹಾಕುವವಳು; ಇಲ್ಲಿ ಇದ್ದದ್ದು ಒಂದೇ ಕುಣಿಕೆಯ ಹೊಲಿಗೆಯವರ ಗಂಟು. ನಿಧಾನಕ್ಕೆ ತಿರುಗಿ ಬತ್ತಿಯ ಮುಖ ನೋಡಿದಳು. ಕಾಯುತ್ತ ನಿಂತಳು.

ಸ್ಕ್ರೂ ಮಾಮನ ಕೈ ಜೇಬಿಗೆ ಹೋಯಿತು. ಕವರಿನ ಅಂಚು ಹೊರಬಂತು.

ಸುಮ್ಮನಿದ್ದರೆ ಮುಗಿಯಿತು. ಹದಿನೆಂಟು ವರ್ಷ ನಿಜವನ್ನೇ ಬರೆಸಿದವಳು ಸುಳ್ಳಿಯೆನಿಸಿಕೊಂಡು ಇಳಿಯುತ್ತಾಳೆ. ಅವಳನ್ನು ಕಾಪಾಡಬೇಕಿದ್ದ ಒಂದೇ ಸಾಕ್ಷಿಯನ್ನು ಬತ್ತಿ ಇವತ್ತು ಬೆಳಿಗ್ಗೆ ತನ್ನ ಕೈಯಾರೆ ಬಿಚ್ಚಿ ಜೇಬಿಗಿಟ್ಟುಕೊಂಡಿದ್ದಾಳೆ.

"ಮಾಮಾ, ನಿಲ್ಲಿ."

ಗರಿಗರಿ ಬಟ್ಟೆಯನ್ನು ಜೇಬಿನಿಂದ ತೆಗೆದು ಅವನ ಅಂಗೈ ಮೇಲಿಟ್ಟಳು. "ಇದಕ್ಕೆ ನೀರು ಹಾಕಿ."

ಅವನು ಬಾಟಲಿಯಿಂದ ಹನಿಸಿದ. ಹನಿ ಬಟ್ಟೆಯ ಮೇಲೆ ಗೋಲಿಯಂತೆ ನಿಂತು, ಉರುಳಿ ಕೆಳಗೆ ಬಿತ್ತು.

"ಗಂಜಿ ತೊಳೆಯದೆ ಕಳಿಸಿದ್ದು ನಾನು. ಬೆಳಿಗ್ಗೆ ಕದ್ದು ಬದಲಾಯಿಸಿದ್ದೂ ನಾನು. ಅಕ್ಕ ಬರೆಸಿದ ಆಕಾಶ ಎಲ್ಲಾ ಸರಿ. ಅಂಕಿ ಮಾತ್ರ ಸುಳ್ಳು."

ಚಿಕ್ಕಪ್ಪ ಅವಳ ಕಡೆ ತಿರುಗಿದ. "ಕೆಲಸಕ್ಕೆ ಸೇರಿದ ಮೂರು ವರ್ಷದಲ್ಲಿ ಇವಳು ಇಷ್ಟು ಮಾತಾಡಿದ್ದು ಇದೇ ಮೊದಲು. ಅದೂ ತನ್ನ ಕುತ್ತಿಗೆಗೇ ಹಗ್ಗ ಹಾಕ್ಕೊಳ್ಳೋಕೆ."

"ಗಂಟು ನೋಡಿದಾಗಲೇ ಗೊತ್ತಾಯ್ತು," ಎಂದಳು ಬೆಟ್ಟದಕ್ಕ. "ನಾನು ಹೇಳಿದ್ರೆ ಅದು ಚಾಡಿ ಆಗ್ತಿತ್ತು." ಆಮೇಲೆ ಮೂಗು ಒರೆಸಿಕೊಂಡು, "ಉಳಿದ ಹನ್ನೊಂದು ಬಟ್ಟೆ ತರ್ತೀನಿ. ತೊಳೆದಿಟ್ಟು ಹೋಗು, ಸೋಮಾರಿ," ಎಂದಳು.

ಸ್ಕ್ರೂ ಮಾಮ ಕವರನ್ನು ಮತ್ತೆ ಜೇಬಿಗಿಳಿಸಿದ. "ಇದನ್ನ ಹರಿಯೋ ಅಧಿಕಾರ ನನಗಿಲ್ಲ. ಸಾಹೇಬರ ಮುಂದೆ ನೀನೇ ಹೇಳ್ಬೇಕು. ಬಟ್ಟೆ ಜೋಪಾನ."

ಎಂಟಕ್ಕೆ ಇಳಿಯತೊಡಗಿದರು. ಸೂರ್ಯನ ಉಂಗುರ ಹೋಗಿತ್ತು. ಮಸುಕು ಗಾಜಿನ ಹಿಂದಿನ ದೀಪದಂತೆ ಸೂರ್ಯ ಮಂಕಾಗಿದ್ದ. ಬೂದು ಪದರವೊಂದು ಪಡುವಣದಿಂದ ಇಡೀ ಆಕಾಶಕ್ಕೆ ಹೊದಿಕೆ ಎಳೆಯುತ್ತಿತ್ತು. ನೆರಳುಗಳೆಲ್ಲ ಮಾಯ. ಏರಲು ಒಂದೂವರೆ ದಿನ ಹಿಡಿದ ದಾರಿಯನ್ನು ಒಂದೇ ಹಗಲಲ್ಲಿ ಇಳಿಯಬೇಕಿತ್ತು.

ಕಮರಿಗೆ ಬಂದಾಗ ಹನ್ನೊಂದೂವರೆ. ಗಾಳಿ ಎದ್ದಿತ್ತು. ತಂತಿ ಗುಂಯ್‌ಗುಡುತ್ತಿತ್ತು, ತೊಟ್ಟಿಲು ಉಯ್ಯಾಲೆಯಾಗಿತ್ತು.

"ಕಾಯೋಣ್ವಾ?" ಎಂದ ಸ್ಕ್ರೂ ಮಾಮ.

"ಕಾದ್ರೆ ಇದು ಜಾಸ್ತಿಯಾಗೋದೇ," ಎಂದ ಚಿಕ್ಕಪ್ಪ.

ಬತ್ತಿ ಕಮರಿಯ ಬಾಯಿಯ ತಿರುವಿನ ಕಡೆ ನೋಡುತ್ತಿದ್ದಳು. ಹರಿದ ಚಿಂದಿಯಂಥ ಮೋಡದ ತುಣುಕುಗಳು ಆ ತಿರುವಿನಲ್ಲಿ ಬಂಡೆಗೆ ಅಪ್ಪಳಿಸಿ ಒಳಕ್ಕೆ ನುಗ್ಗುತ್ತಿದ್ದವು. ತುಣುಕು ನುಗ್ಗಿ ಐದು ಎಣಿಸುವಷ್ಟರಲ್ಲಿ ತಂತಿ ಕೂಗುತ್ತಿತ್ತು. ತಿರುವು ಖಾಲಿಯಿದ್ದಾಗ ತಂತಿಯೂ ಸುಮ್ಮನೆ.

"ಗಾಳಿ ಬರೋದು ಮುಂಚೇನೇ ಕಾಣುತ್ತೆ ಚಿಕ್ಕಪ್ಪಾ. ನಾನು ಹೇಳ್ತೀನಿ."

ತಿರುವು ಖಾಲಿಯಾಯಿತು. "ಈಗ!"

ಚಿಕ್ಕಪ್ಪ ದಾಟಿದ. ಗಾಳಿ ಬಂದು ಹೋಯಿತು. "ಈಗ!" ಸ್ಕ್ರೂ ಮಾಮ ಕಣ್ಣು ಮುಚ್ಚಿಕೊಂಡು ದಾಟಿದ. ಗಂಟೆ ಮಾತ್ರ ದಾರಿಯುದ್ದಕ್ಕೂ ಬಡಿದುಕೊಂಡಿತು.

ಕೊನೆಗೆ ಅವಳೊಬ್ಬಳೇ ಉಳಿದಳು. ಅವಳಿಗೆ 'ಈಗ' ಎನ್ನುವವರು ಯಾರೂ ಇರಲಿಲ್ಲ. ಆಚೆ ದಡದವರಿಗೆ ತಿರುವು ಕಾಣುವುದಿಲ್ಲ. ತೊಟ್ಟಿಲಿನಲ್ಲಿ ಕೂತು ಕತ್ತು ತಿರುಗಿಸಿ ಕಾದಳು. ಒಂದು ತುಣುಕು. ಇನ್ನೊಂದು. ಖಾಲಿ.

"ಈಗ! ಎಳೀರಿ!"

ಅಷ್ಟು ದೊಡ್ಡ ದನಿ ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಕಮರಿ ಅದನ್ನು ಎರಡು ಸಲ ಹಿಂದಿರುಗಿಸಿತು. ನಡುದಾರಿಯಲ್ಲಿ ಸಣ್ಣ ಗಾಳಿಯೊಂದು ತೊಟ್ಟಿಲನ್ನು ಪಕ್ಕಕ್ಕೆ ತಳ್ಳಿತು. ಎರಡೂ ಕೈಯಲ್ಲಿ ಅಂಚು ಹಿಡಿದಳು. ಹಗ್ಗ ಸಡಿಲಲಿಲ್ಲ. ದಡ ಬಂತು.

"ಕಿವಿ ಹೋಯ್ತು," ಎಂದ ಚಿಕ್ಕಪ್ಪ, ನಗುತ್ತ.

ನಾಲ್ಕು ಗಂಟೆಗೆ ಇಟ್ಟಿಗೆ ಬಯಲು. ಬೂದು ಹೊದಿಕೆ ಇಳಿದು ಬೆಟ್ಟದ ತಲೆಯನ್ನು ನುಂಗಿತ್ತು. ಇಟ್ಟಿಗೆಗಳು ತೆರೆದೇ ಬಿದ್ದಿದ್ದವು.

"ಐದರೊಳಗೆ ಮಳೆ," ಎಂದಳು ಬತ್ತಿ. "ಮುಚ್ಚಿ."

ಒಡತಿ ನಕ್ಕಳು. "ಬೋರ್ಡ್ ನೋಡ್ಕೊಂಡು ಬಂದೆ ತಾಯಿ. 'ಶುಭ್ರ' ಅಂತ ಬರೆದಿದೆ."

"ಬೋರ್ಡ್ ಹನ್ನೊಂದು ದಿನ ತಪ್ಪಿತ್ತು. ಅದು ನನ್ನಿಂದ. ಇವತ್ತು ತಪ್ಪೋದು ಬೇಡ. ಮುಚ್ಚಿ ಅಕ್ಕಾ."

ಒಡತಿಯ ನಗು ನಿಂತಿತು. ಹುಡುಗಿಯ ಮುಖ ನೋಡಿದಳು, ಆಮೇಲೆ ಆಕಾಶ ನೋಡಿದಳು. ಅಷ್ಟರಲ್ಲಿ ಚಿಕ್ಕಪ್ಪ ಹೊರೆ ಇಳಿಸಿ ತಾಡಪಾಲಿನ ಒಂದು ತುದಿ ಹಿಡಿದಿದ್ದ. ಕೆಲಸದವರೂ ಓಡಿಬಂದರು. ಕೊನೆಯ ಸಾಲಿಗೆ ಕಲ್ಲು ಹೇರಿದಾಗ ನಾಲ್ಕೂವರೆ.

ಕಚೇರಿಯಲ್ಲಿ ಸಾಹೇಬರು ದೀಪ ಹಾಕಿಕೊಂಡು ಕೂತಿದ್ದರು. ಸ್ಕ್ರೂ ಮಾಮ ಒಡೆಯದ ಕವರನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದ.

ಬತ್ತಿ ಗರಿಗರಿ ಬಟ್ಟೆಯನ್ನು ಕವರಿನ ಪಕ್ಕದಲ್ಲಿಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ಬಿಟ್ಟುಬಿಡಬಹುದಾಗಿದ್ದ ಬೆಳಗಿನ ಜಾವದ ಕಳ್ಳತನವನ್ನೂ ಬಿಡಲಿಲ್ಲ.

ಸಾಹೇಬರು ಬಟ್ಟೆಯ ಮೇಲೆ ತಮ್ಮ ಲೋಟದಿಂದ ಒಂದು ಹನಿ ಬಿಟ್ಟರು. ಹನಿ ಉರುಳಿ ಮೇಜಿಗೆ ಬಿತ್ತು. ಇನ್ನೊಂದು ಬಿಟ್ಟರು. ಅದೂ ಉರುಳಿತು. ಹನ್ನೊಂದು ದಿನದ ವರದಿಯ ಹಾಳೆಗಳನ್ನು ಎಳೆದುಕೊಂಡು ಒಂದೊಂದಾಗಿ ತಿರುವಿದರು. ಶುಭ್ರ. ಶುಭ್ರ. ಶುಭ್ರ. ಕೊನೆಯ ಹಾಳೆ ನಿನ್ನೆ ಸಂಜೆಯದು. 'ಸೂರ್ಯನ ಸುತ್ತ ಉಂಗುರ. ನಾಳೆ ಸಂಜೆ ಐದರೊಳಗೆ ಊರಿಗೆ ಮಳೆ.' ಅದರ ಮೇಲೆ ಅವರೇ ಕೆಂಪು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದಿದ್ದರು.

ಗಡಿಯಾರ ನಾಲ್ಕು ಐವತ್ತು ತೋರಿಸುತ್ತಿತ್ತು.

ತಗಡಿನ ಮೇಲೆ ಟಪ್ ಎಂದು ಒಂದು ಸದ್ದಾಯಿತು. ಎಲ್ಲರೂ ಮೇಲೆ ನೋಡಿದರು. ಮತ್ತೊಂದು. ಆಮೇಲೆ ಸಾವಿರ ಬೆರಳುಗಳು ಒಟ್ಟಿಗೆ ಬಡಿದಂತೆ ಮಳೆ ಸುರಿಯತೊಡಗಿತು, ಅವಸರವಿಲ್ಲದ, ರಾತ್ರಿಯಿಡೀ ನಿಲ್ಲದ ಜಾತಿಯ ಮಳೆ.

ಬತ್ತಿ ನೋಟುಬುಕ್ಕು ತೆಗೆದು ಗಂಟೆ ಬರೆದಳು. ಮುಚ್ಚಿದಳು.

"ನನ್ನ ಕೆಲಸ ಬೇಕಾದ್ರೆ ತೆಗೀರಿ ಸಾರ್," ಎಂದಳು. "ಆ ಕವರು ಮಾತ್ರ ಹರಿದುಹಾಕಿ."

ಸಾಹೇಬರು ಕವರನ್ನು ಎತ್ತಿ ನಡುವೆ ಹರಿದರು. ಮಳೆ ಜೋರಾಯಿತು.